ಸಮ್ಮೇಳನ ಮುಗಿದ ಮೇಲೆ ಹಳ್ಳೀಲಿ ಕೆಲಸ ಶುರುವಾಗಬೇಕು: ದಾವಣಗೆರೆ–ಚಿತ್ರದುರ್ಗದಲ್ಲಿ ಇದನ್ನ ಹೇಗೆ ಮಾಡೋದು?

ಪಿ.ಜೆ. ಬಡಾವಣೆ (ಪ್ರಶ್ನೆ ಕೇಳಿದವರು; ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜು, ಚಿತ್ರದುರ್ಗದ ಒಂದು ಸ್ವಯಂಸೇವಾ ಸಂಸ್ಥೆ ಸೇರಿ ಮುಂದಿನ ಫೆಬ್ರುವರಿಯಲ್ಲಿ ಮೂರು ದಿನದ ಅಂತರರಾಷ್ಟ್ರೀಯ ಸಮ್ಮೇಳನ ಮಾಡಬೇಕು ಅಂತ ಹೊರಟಿದ್ದೇವೆ. ವಿಷಯ ‘ಸುಸ್ಥಿರ ಅಭಿವೃದ್ಧಿ: ನೀರು, ಕೃಷಿ, ತ್ಯಾಜ್ಯ, ಇಂಧನ’. ಒಟ್ಟು 250 ಪ್ರತಿನಿಧಿಗಳು, ಅದರಲ್ಲಿ 20 ಜನ ಹೊರದೇಶದವರು. ಇರೋದು, ಬರೋದು ಎಲ್ಲ ಸೇರಿ ದುಡ್ಡು 24 ಲಕ್ಷ.

ಪ್ರಬಂಧ ಓದಿ, ಪ್ರೊಸೀಡಿಂಗ್ಸ್ ಅಚ್ಚು ಹಾಕಿಸಿ, ಗ್ರೂಪ್ ಫೋಟೊ ತೆಗೆಸಿಕೊಂಡು ಮನೆಗೆ ಹೋಗೋದು ಬೇಡ. ಒಂದೆರಡು ವಿಚಾರವಾದರೂ ಯೋಜನೆಯಾಗಿ ನಮ್ಮ ಸೀಮೆಯಲ್ಲಿ ನಿಲ್ಲಬೇಕು. ಕೇಳಬೇಕಾಗಿರೋದು ಇಷ್ಟು: ವಿಷಯವನ್ನ ಎಷ್ಟು ಅಗಲ ಇಟ್ಟುಕೊಳ್ಳಬೇಕು? ವಿದೇಶಿ ಪ್ರತಿನಿಧಿಗಳ ಅನುಮತಿ, ವಿದೇಶಿ ಹಣ ಇವುಗಳ ನಿಯಮ ಏನು? ಮೂರು ದಿನವನ್ನ ಹೇಗೆ ಹಂಚಬೇಕು? ಆಮೇಲೆ ಯೋಜನೆಯನ್ನ ಯಾರ ಕೈಗೆ ಕೊಡಬೇಕು? ಗೊತ್ತಿರೋರು ವಿವರವಾಗಿ ಬರೀರಿ.

ಹಗರಿ ದಂಡೆ

ನೀರು, ಕೃಷಿ, ತ್ಯಾಜ್ಯ, ಇಂಧನ ನಾಲ್ಕನ್ನೂ ಇಟ್ಟುಕೊಂಡರೆ ಕೊನೆಗೆ ಒಂದೂ ಕೈಗೆ ಸಿಗಲ್ಲ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿ ಬ್ಯಾನರಿಗೆ ಚೆನ್ನ, ಕೆಲಸಕ್ಕಲ್ಲ. ಒಂದು ಸಮಸ್ಯೆ, ಒಂದು ತಾಲ್ಲೂಕು, ಹೆಚ್ಚೆಂದರೆ ಮೂರು ಗ್ರಾಮ ಪಂಚಾಯ್ತಿ ಹಿಡ್ಕೊಳ್ಳಿ.

ದೊಡ್ಡ ದೊಡ್ಡ ಸಭೆಗಳೂ ಇಲ್ಲೇ ಜಾರಿದ್ದು. 2002ರಲ್ಲಿ ಜೋಹಾನ್ಸ್‌ಬರ್ಗ್‌ನ ವಿಶ್ವ ಸುಸ್ಥಿರ ಅಭಿವೃದ್ಧಿ ಶೃಂಗಸಭೆಯಲ್ಲಿ 200ಕ್ಕೂ ಹೆಚ್ಚು ಸಹಭಾಗಿತ್ವ ಯೋಜನೆಗಳನ್ನ ಘೋಷಿಸಿದರು. ಮುಂದೆ ಸಂಶೋಧಕರು ಅವನ್ನ ಹುಡುಕಿಕೊಂಡು ಹೋದಾಗ ಬಹಳಷ್ಟಕ್ಕೆ ಸಿಬ್ಬಂದಿಯೂ ಇರಲಿಲ್ಲ, ಬಜೆಟ್ಟೂ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜಲ ಸಮ್ಮೇಳನದಲ್ಲೂ ಸುಮಾರು 700 ವಾಗ್ದಾನಗಳು ಬಂದವು. ಎಲ್ಲವೂ ಸ್ವಇಚ್ಛೆಯವು, ಮಾಡದಿದ್ದರೆ ಕೇಳೋ ಅಧಿಕಾರ ಯಾರಿಗೂ ಇಲ್ಲ. ಅಂದರೆ ವಿಚಾರಕ್ಕೆ ಬರ ಇಲ್ಲ. ಯಾರು, ಎಲ್ಲಿ, ಯಾವ ದುಡ್ಡಲ್ಲಿ, ಯಾವ ತಾರೀಖಿಗೆ ಅನ್ನೋ ನಾಲ್ಕು ಸಾಲು ಸಮ್ಮೇಳನಕ್ಕೆ ಮುಂಚೆ ಬರೆದಿರಲ್ಲ, ಅಷ್ಟೇ.

ನನ್ನ ಸಲಹೆ: ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡನ್ನ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸೋ ಲವಣ) ವಿಷಯವಾಗಿ ತಗೊಳ್ಳಿ. ಕಾರಣ ಇದೆ. ಇದನ್ನ ಅಳೆಯಬಹುದು: ಐಎಸ್ 10500 (ಕುಡಿಯುವ ನೀರಿನ ಭಾರತೀಯ ಮಾನದಂಡ) ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಸರಿ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಸಹ್ಯ. ಪೂರ್ವ ಆಫ್ರಿಕಾದ ರಿಫ್ಟ್ ಕಣಿವೆಯಲ್ಲಿ, ಅಂದರೆ ಇಥಿಯೋಪಿಯಾ, ಕೆನ್ಯಾ, ಟಾಂಜಾನಿಯಾಗಳಲ್ಲಿ ಇದೇ ಕಾಟ ಇದೆ. ಹಾಗಾಗಿ ‘ಅಂತರರಾಷ್ಟ್ರೀಯ’ ಅನ್ನೋದಕ್ಕೆ ಒಂದು ಅರ್ಥ ಬರುತ್ತೆ. ಯುರೋಪಿನ ಪ್ರಾಧ್ಯಾಪಕರು ಇಬ್ಬರು ಸಾಕು. ಮಿಕ್ಕವರು ಫ್ಲೋರೈಡ್ ಫಿಲ್ಟರ್ ಹಾಕಿ, ಅದು ಕೆಟ್ಟು, ಮತ್ತೆ ರಿಪೇರಿ ಮಾಡಿಸಿದ ಕ್ಷೇತ್ರದ ಜನ ಆಗಿರಲಿ.

ಪ್ರಬಂಧಕ್ಕೆ ಬದಲು ಎರಡು ಪುಟದ ಟಿಪ್ಪಣಿ ಕೇಳಿ, ಸಮ್ಮೇಳನಕ್ಕೆ ನಾಲ್ಕು ತಿಂಗಳು ಮೊದಲೇ. ಅದರಲ್ಲಿ ಊರಿನ ಹೆಸರು, ಮನೆಗಳ ಸಂಖ್ಯೆ, ಈಗಿನ ನೀರಿನ ಪರೀಕ್ಷಾ ಫಲಿತಾಂಶ, ಜಾಗದ ಸರ್ವೆ ನಂಬರು, ಮೊದಲ ವರ್ಷದ ಖರ್ಚು, ಎರಡರಿಂದ ಐದನೇ ವರ್ಷದವರೆಗಿನ ನಡೆಸೋ ಖರ್ಚು, ಆ ಖರ್ಚು ಕೊಡೋರ ಹೆಸರು ಇರಬೇಕು. ನಡೆಸೋ ಖರ್ಚಿನ ಕಾಲಂ ಖಾಲಿ ಬಿಟ್ಟ ಟಿಪ್ಪಣಿಯನ್ನ ವಾಪಸ್ ಕಳಿಸಿ. ಎಷ್ಟೇ ದೊಡ್ಡವರು ಬರೆದಿರಲಿ.

ನೀರಿನ ಅಂಕಿಅಂಶ ಮೊದಲೇ ಕೈಯಲ್ಲಿರಬೇಕು. ಮಾದರಿಯನ್ನ ಪ್ಲಾಸ್ಟಿಕ್ ಬಾಟಲಿಯಲ್ಲೇ ತೆಗೀರಿ, ಗಾಜಿನದರಲ್ಲಿ ಬೇಡ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತೆ. ಮೇ ಕೊನೆಯಲ್ಲಿ ಒಂದು ಸಲ, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಒಂದು ಸಲ, ಪ್ರತಿ ಬೋರ್‌ಗೂ ಬೇರೆ ಬೇರೆ. ಒಂದೇ ಊರಿನ ಎರಡು ಬೋರ್‌ಗಳಲ್ಲಿ ಒಂದು 0.8, ಇನ್ನೊಂದು 3 ತೋರಿಸಬಹುದು. ಬಣ್ಣ ನೋಡೋ ಫೀಲ್ಡ್ ಕಿಟ್ ಜರಡಿ ಹಿಡಿಯೋಕೆ ಸಾಕು, ಯೋಜನೆಗೆ ಆಧಾರವಾಗೋ ಅಂಕಿ ಮಾತ್ರ ಲ್ಯಾಬಿನ ಅಯಾನ್ ಎಲೆಕ್ಟ್ರೋಡ್ ಅನ್ನೋ ಅಳತೆ ಸಾಧನದ್ದಾಗಿರಬೇಕು.

ಇನ್ನು 250 ಜನ ಬೇಡ. 60ರಿಂದ 70. ಹೊರದೇಶದವರು 8.

ಲೆಕ್ಕದ ಪುಸ್ತಕ

ಅನುಮತಿ ಮತ್ತು ಹಣದ ವಿಷಯ ನಾನು ಹೇಳ್ತೀನಿ. ಬೇಜಾರಿನ ವಿಷಯ, ಆದರೂ ಇಲ್ಲಿ ಎಡವಿದರೆ ಸಮ್ಮೇಳನವೇ ನಿಲ್ಲುತ್ತೆ.

ಮೊದಲನೇದು ವೀಸಾ. ವಿದೇಶಿ ಪ್ರತಿನಿಧಿಗಳು ಸಮ್ಮೇಳನ ವೀಸಾದಲ್ಲೇ ಬರಬೇಕು. ‘ಟೂರಿಸ್ಟ್ ವೀಸಾದಲ್ಲಿ ಬನ್ನಿ, ಯಾರೂ ಕೇಳಲ್ಲ’ ಅಂತ ಹೇಳಿ ಕರೆಸಬೇಡಿ. ವೀಸಾಕ್ಕೆ ನಿಮ್ಮ ಆಹ್ವಾನ ಪತ್ರದ ಜೊತೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ ಪತ್ರ ಕೇಳ್ತಾರೆ. ಪಾಕಿಸ್ತಾನ, ಅಫ್ಘಾನಿಸ್ತಾನದಂಥ ಕೆಲವು ದೇಶಗಳವರು ಇದ್ದರೆ ಗೃಹ ಸಚಿವಾಲಯದ ಭದ್ರತಾ ಅನುಮತಿಯೂ ಬೇಕು. ಪ್ರತಿನಿಧಿಗಳ ಪಾಸ್‌ಪೋರ್ಟ್ ವಿವರ, ವಿಷಯಸೂಚಿ, ಹಣದ ಮೂಲ ಎಲ್ಲ ಒಂದೇ ಸಲ ಸಿದ್ಧ ಮಾಡಿ, ನಾಲ್ಕು ತಿಂಗಳು ಮೊದಲು ಅರ್ಜಿ ಹಾಕಿ. ತಡ ಆಗೋದು ಹೆಚ್ಚಾಗಿ ಸಚಿವಾಲಯದಲ್ಲಲ್ಲ. ಪ್ರತಿನಿಧಿಗಳ ಪಟ್ಟಿಯನ್ನ ನಾವೇ ವಾರಕ್ಕೊಂದು ಸಲ ತಿದ್ದಿ ತಿದ್ದಿ ಕಳಿಸೋದರಿಂದ.

ಕೆನ್ಯಾ, ಇಥಿಯೋಪಿಯಾದಿಂದ ಬರೋರಿಗೆ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಕಡ್ಡಾಯ. ಚುಚ್ಚಿಸಿಕೊಂಡ 10 ದಿನದ ನಂತರವೇ ಅದಕ್ಕೆ ಮಾನ್ಯತೆ. ಇಲ್ಲದೆ ಬಂದರೆ ಬೆಂಗಳೂರು ಏರ್‌ಪೋರ್ಟಿನಲ್ಲೇ ಹಿಡಿದು 6 ದಿನದವರೆಗೆ ಪ್ರತ್ಯೇಕ ಇಡಬಹುದು, ಅಷ್ಟರಲ್ಲಿ ನಿಮ್ಮ ಸಮ್ಮೇಳನ ಮುಗಿದಿರುತ್ತೆ. ಆಹ್ವಾನ ಪತ್ರದಲ್ಲೇ ಇದನ್ನ ದಪ್ಪಕ್ಷರದಲ್ಲಿ ಬರೀರಿ.

ಎರಡನೇದು ವಿದೇಶಿ ಹಣ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಟ್ರಸ್ಟು ಹೊರದೇಶದ ಅನುದಾನವನ್ನ ಒಂದು ರೂಪಾಯಿಯೂ ತಗೊಳ್ಳೋ ಹಾಗಿಲ್ಲ. ನೋಂದಣಿಗೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶದ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ಅದಿಲ್ಲದಿದ್ದರೆ ಒಬ್ಬ ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಮೊತ್ತ, ನಿರ್ದಿಷ್ಟ ಕೆಲಸಕ್ಕೆ ಅಂತ ಪೂರ್ವಾನುಮತಿ ಕೇಳಬಹುದು. ದಾನಿಯ ಬದ್ಧತಾ ಪತ್ರ ಮತ್ತು ಯೋಜನಾ ವರದಿ ಲಗತ್ತಿಸಬೇಕು. 2020ರ ತಿದ್ದುಪಡಿ ಆದ ಮೇಲೆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು. ಎಲ್ಲಕ್ಕಿಂತ ಮುಖ್ಯ, ಬಂದ ಹಣವನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ. ಎಷ್ಟೋ ಜಂಟಿ ಯೋಜನೆಗಳು ಮುರಿದು ಬೀಳೋದು ಇದರಿಂದಲೇ. ‘ಕಾಲೇಜಿಗೆ ಹಣ ಬರುತ್ತೆ, ಅಲ್ಲಿಂದ ಸಂಸ್ಥೆಗೆ ಕೊಡೋಣ’ ಅಂತ ಒಪ್ಪಂದ ಬರೆದಿರ್ತಾರೆ, ಕಾನೂನು ಅದನ್ನ ಬಿಡಲ್ಲ. ಹಳ್ಳೀಲಿ ಕೆಲಸ ಮಾಡೋ ಸಂಸ್ಥೆ ಯಾವುದೋ ನೋಂದಣಿಯೂ ಅದರದ್ದೇ ಇರಬೇಕು.

ವಿದೇಶಿ ಪ್ರತಿನಿಧಿಗಳು ಕಟ್ಟೋ ಸಮ್ಮೇಳನ ಶುಲ್ಕ ಮಾತ್ರ ವಿದೇಶಿ ದೇಣಿಗೆ ಅನ್ನಿಸಿಕೊಳ್ಳಲ್ಲ, ಅದು ಸೇವೆಗೆ ಕೊಟ್ಟ ಹಣ. ಆದರೆ ಅಲ್ಲಿ ಜಿಎಸ್‌ಟಿ ಕಾದಿರುತ್ತೆ. ಶಿಕ್ಷಣ ಸಂಸ್ಥೆಗಿರೋ ವಿನಾಯಿತಿ ತನ್ನ ವಿದ್ಯಾರ್ಥಿ, ಸಿಬ್ಬಂದಿಗೆ ಕೊಡೋ ಸೇವೆಗೆ. ಹೊರಗಿನ ಪ್ರತಿನಿಧಿ ಶುಲ್ಕಕ್ಕೂ ಅದು ಸಿಗುತ್ತೆ ಅಂತ ಅಂದ್ಕೊಂಡು ಕೂರಬೇಡಿ, ಆಡಿಟರ್ ಹತ್ರ ಬರಹದಲ್ಲಿ ಅಭಿಪ್ರಾಯ ತಗೊಳ್ಳಿ.

ಮೂರನೇದು ಸಿಎಸ್‌ಆರ್. ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ಹಣ. ಕಂಪನಿಯವರ ಹತ್ರ ಸಮ್ಮೇಳನಕ್ಕೆ ಅಂತ ಕೇಳಿದರೆ ಕಷ್ಟ. ಒಂದೇ ಸಲ ನಡೆದು ಮುಗಿಯೋ ಕಾರ್ಯಕ್ರಮದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ ಅಂತ 2014ರ ಸುತ್ತೋಲೆ ಹೇಳಿತ್ತು. ಅದೇ ಕಂಪನಿ ಹತ್ರ ‘ಸಮ್ಮೇಳನದ ನಂತರ ಮೂರು ವರ್ಷ ನಡೆಯೋ ಕುಡಿಯುವ ನೀರಿನ ಯೋಜನೆ’ ಅಂತ ಹೋದರೆ ದಾರಿ ಇದೆ. ಸಂಸ್ಥೆಗೆ 12ಎ, 80ಜಿ ಅಂತ ಕರೆಯೋ ಆದಾಯ ತೆರಿಗೆ ಇಲಾಖೆಯ ನೋಂದಣಿ ಇರಬೇಕು, ಸಿಎಸ್‌ಆರ್-1 (ಆ ಹಣ ಪಡೆಯೋ ಸಂಸ್ಥೆಗಳದ್ದು) ನೋಂದಣಿ ಆಗಿರಬೇಕು.

24 ಲಕ್ಷವನ್ನ ಹೀಗೆ ಒಡೆಯಿರಿ: 13 ಲಕ್ಷ ಸಮ್ಮೇಳನಕ್ಕೆ, 10 ಲಕ್ಷ ಬೀಜಧನ (ಹಳ್ಳಿಯ ಯೋಜನೆ ಶುರು ಮಾಡೋಕೆ), 1 ಲಕ್ಷ ಮುಂದಿನ ವರ್ಷದ ಪರಿಶೀಲನಾ ಸಭೆಗೆ. ಬೀಜಧನಕ್ಕೆ ಮೊದಲೇ ಬೇರೆ ಖಾತೆ ತೆರೆದು ಇಡಿ. ಇಲ್ಲದಿದ್ದರೆ ಶಾಮಿಯಾನ, ಊಟದ ಬಿಲ್ಲು ಅದನ್ನೇ ಮೊದಲು ನುಂಗೋದು. ಬಿಡುಗಡೆ ಮೂರು ಕಂತಲ್ಲಿ: ಕೆಲಸದ ಕರಾರು ಆದಾಗ ಶೇ 40, ಅಳತೆ ಪುಸ್ತಕದಲ್ಲಿ ಅರ್ಧ ಕೆಲಸ ದಾಖಲಾದಾಗ ಶೇ 40, ಒಂದು ಮಳೆಗಾಲ ದಾಟಿ ನೀರಿನ ಪರೀಕ್ಷೆ ಸರಿ ಬಂದ ಮೇಲೆ ಉಳಿದ ಶೇ 20.

ಜೋಗಿಮಟ್ಟಿ ಗಾಳಿ

ಸ್ವಲ್ಪ ಎದುರು ಮಾತು ಆಡ್ತೀನಿ, ಬೇಜಾರು ಮಾಡ್ಕೋಬೇಡಿ. ಹೊರದೇಶದವರನ್ನ ಕರೆಸೋ ಖರ್ಚು, ಇಷ್ಟು ಅನುಮತಿಯ ಓಡಾಟ, ಇಷ್ಟೆಲ್ಲ ಯಾಕೆ? ಫ್ಲೋರೈಡಿಗೆ ಅಂತ ಪಟಿಕ, ಸುಣ್ಣ ಹಾಕೋ ನಲ್ಗೊಂಡ ವಿಧಾನವನ್ನ ನಾಗ್ಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಸಂಸ್ಥೆಯೇ ಕೊಟ್ಟಿದ್ದು, ಆಫ್ರಿಕಾದವರು ಇಲ್ಲಿಂದ ಒಯ್ದಿದ್ದಾರೆ. ಅಲ್ಲಿಂದ ಬರೋ ವಿಚಾರದಲ್ಲಿ ಎಲ್ಲವೂ ಇಲ್ಲಿ ಒಗ್ಗಲ್ಲ. ಕೆನ್ಯಾದ ನಕುರು ಕಡೆ ಮೂಳೆ ಇದ್ದಿಲಿನ ಫಿಲ್ಟರ್ ಚೆನ್ನಾಗಿ ನಡೆದಿದೆ, ಫ್ಲೋರೈಡನ್ನ ನಿಜಕ್ಕೂ ಹಿಡಿಯುತ್ತೆ. ದನದ ಮೂಳೆ ಸುಟ್ಟು ಮಾಡಿದ ಇದ್ದಿಲಲ್ಲಿ ಸೋಸಿದ ನೀರನ್ನ ನಮ್ಮ ಹಳ್ಳಿಯವರು ಕುಡೀತಾರಾ? ಮೊದಲ ಗ್ರಾಮಸಭೆಯಲ್ಲೇ ಅದರ ಕತೆ ಮುಗೀತು.

ಇಬ್ಬರನ್ನ ಕರೆಸಿ, ಮಿಕ್ಕವರ ಜೊತೆ ಆನ್‌ಲೈನ್‌ನಲ್ಲಿ ಎರಡು ಬೈಠಕ್ ಮಾಡಿ. ನೈರೋಬಿ ನಮಗಿಂತ ಎರಡೂವರೆ ಗಂಟೆ ಹಿಂದೆ ಅಷ್ಟೇ, ಮಧ್ಯಾಹ್ನ ಎರಡಕ್ಕೆ ಕೂತರೆ ಇಬ್ಬರಿಗೂ ಅನುಕೂಲ.

ಹಗರಿ ದಂಡೆ

ಜೋಗಿಮಟ್ಟಿಯವರು ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ಮೂಳೆ ಇದ್ದಿಲು ಇಲ್ಲಿ ನಡೆಯಲ್ಲ. ಆದರೆ ಕೆನ್ಯಾದಲ್ಲಿ ಅದನ್ನ ಯಾರು ತಂದುಕೊಡ್ತಿದ್ದರು, ಫಿಲ್ಟರ್ ಸವೆದದ್ದು ಹೇಗೆ ಗೊತ್ತಾಗ್ತಿತ್ತು, ಬದಲಿಸೋಕೆ ದುಡ್ಡು ಯಾರು ಕೊಟ್ಟರು ಅನ್ನೋದು ನಮ್ಮ ಯಾವ ಫಿಲ್ಟರಿಗೂ ಬೇಕಾದ ಪಾಠವೇ. ತಂತ್ರಜ್ಞಾನ ತರೋಕೆ ಅವರು ಬೇಕಾಗಿಲ್ಲ, ನಿರ್ವಹಣೆಯ ಲೆಕ್ಕ ತೋರಿಸೋಕೆ ಬೇಕು. ಹೊರದೇಶದವರು 8 ಅಂದದ್ದನ್ನ 5 ಮಾಡಿ, ಒಪ್ಪಿದೆ.

ಪಿ.ಜೆ. ಬಡಾವಣೆ

ತುಂಬಾ ಧನ್ಯವಾದ. ವಿಷಯವನ್ನ ಫ್ಲೋರೈಡಿಗೆ ಇಳಿಸೋಕೆ ನಮ್ಮಲ್ಲೂ ಬಹುತೇಕ ಒಪ್ಪಿಗೆ ಬಂದಿದೆ. ಎರಡು ಪ್ರಶ್ನೆ. ಮೂರು ದಿನವನ್ನ ಹೇಗೆ ನಡೆಸೋದು? ಇನ್ನೊಂದು, ಕಮಿಟಿಯಲ್ಲಿ ಎಲ್ಲರೂ ‘ಆರ್‌ಒ ಘಟಕ (ಪೊರೆಯಲ್ಲಿ ನೀರು ಸೋಸೋ ಯಂತ್ರ) ಹಾಕಿಸೋಣ’ ಅಂತಿದ್ದಾರೆ. ಅದಕ್ಕೆ ಸಮ್ಮೇಳನ ಯಾಕೆ ಬೇಕು ಅನ್ನೋ ಅನುಮಾನ ನನಗೆ.

ದುಂಡು ಮೇಜು

ದಿನಗಳ ಹಂಚಿಕೆ ಬಗ್ಗೆ.

ಸ್ಥಳವನ್ನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬದಲಿಸಿ. ದಾವಣಗೆರೆಯಿಂದ ಚಳ್ಳಕೆರೆಗೆ ಸುಮಾರು 90 ಕಿ.ಮೀ., ಹೋಗಿ ಬರೋದರಲ್ಲೇ ನಾಲ್ಕು ಗಂಟೆ ಹೋಗುತ್ತೆ. ದುರ್ಗದಿಂದಾದರೆ 30 ಕಿ.ಮೀ. ಬೆಂಗಳೂರಿಗೂ ಅದೇ ಹತ್ತಿರ, ಸುಮಾರು 200 ಕಿ.ಮೀ.

ಮೊದಲ ದಿನವೇ ಹಳ್ಳಿಗೆ ಹೋಗಬೇಕು, ಕೊನೆ ದಿನ ಅಲ್ಲ. ಕೊನೆ ದಿನದ ‘ಕ್ಷೇತ್ರ ಭೇಟಿ’ ಅಂದರೆ ಕೋಟೆ, ಚಂದ್ರವಳ್ಳಿ ನೋಡಿ ಬರೋದು, ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಊರಿಗೆ 8 ಜನ, ಒಂದು ಗಾಡಿ. 60 ಜನರ ಬಸ್ಸು ಊರೊಳಗೆ ನುಗ್ಗಿದರೆ ತೋರಣ, ಸನ್ಮಾನ, ಅಧ್ಯಕ್ಷರ ಭಾಷಣದಲ್ಲೇ ದಿನ ಹೋಗುತ್ತೆ. ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಮೊದಲೇ ಹೇಳಿ, ಹಾರ ಬೇಡ ಅಂತಲೂ ಹೇಳಿ. ಆ 8 ಜನ ನೋಡಬೇಕಾಗಿರೋದು ಇಷ್ಟೇ: ಹೆಂಗಸರು ಬೆಳಿಗ್ಗೆ ಎಲ್ಲಿಂದ ನೀರು ತರ್ತಾರೆ, ಅಡಿಗೆಗೆ ಯಾವುದು, ಕುಡಿಯೋಕೆ ಯಾವುದು, ಕೆಟ್ಟು ನಿಂತ ಘಟಕ ಇದ್ದರೆ ಯಾವ ಭಾಗ ಕೆಟ್ಟಿದೆ, ಯಾರನ್ನ ಕರೆದಿದ್ದರು.

ಎರಡನೇ ದಿನ ಬೆಳಿಗ್ಗೆ ಉದ್ಘಾಟನೆ ಇದ್ದೇ ಇರುತ್ತೆ, ತಪ್ಪಿಸೋಕಾಗಲ್ಲ. 40 ನಿಮಿಷಕ್ಕೆ ಕಟ್ಟಿಹಾಕಿ, ವೇದಿಕೆಯಲ್ಲಿ ಐದೇ ಕುರ್ಚಿ ಹಾಕಿಸಿ. ಕುರ್ಚಿ ಹತ್ತು ಇದ್ದರೆ ಭಾಷಣವೂ ಹತ್ತು. ಆಮೇಲೆ ಸಭಾಂಗಣ ಬಿಟ್ಟು ದುಂಡು ಮೇಜುಗಳಿಗೆ. ಒಂದು ಮೇಜಿಗೆ ಒಂದು ಊರು. ಮೇಜಿನಲ್ಲಿ ಆ ಊರಿನ ಇಬ್ಬರು (ಒಬ್ಬರು ಮಹಿಳೆ ಇರಲೇಬೇಕು), ಪಿಡಿಒ ಅಥವಾ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರ್, ಹೊರದೇಶದ ಒಬ್ಬರು, ಕಾಲೇಜಿನ ಒಬ್ಬರು, ದುಡ್ಡು ಕೊಡೋ ಕಡೆಯ ಒಬ್ಬರು, ಬರೆದುಕೊಳ್ಳೋರು ಒಬ್ಬರು, ಅನುವಾದಕರು ಒಬ್ಬರು.

ಅನುವಾದ ಅಂದರೆ ಹಗುರ ಮಾಡಬೇಡಿ. ಮೇಜಿನ ಭಾಷೆ ಕನ್ನಡ ಇರಲಿ, ವಿದೇಶಿಯರ ಕಿವಿಯಲ್ಲಿ ಪಿಸುಮಾತಿನ ಅನುವಾದ ನಡೀಲಿ. ಇಂಗ್ಲಿಷ್ ಮೇಜಿನ ಭಾಷೆ ಆದ ಕೂಡಲೇ ಊರಿನ ಇಬ್ಬರೂ ಸುಮ್ಮನಾಗ್ತಾರೆ, ಮಧ್ಯಾಹ್ನದ ಮೇಲೆ ಬರೋದೂ ಇಲ್ಲ. ಒಬ್ಬ ಅನುವಾದಕ ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಮಾಡೋಕಾಗಲ್ಲ, ಮಾತು ತಪ್ಪೋಕೆ ಶುರುವಾಗುತ್ತೆ; ಎರಡು ಮೇಜಿಗೆ ಮೂವರನ್ನಿಟ್ಟು ಬದಲಾಯಿಸ್ತಾ ಇರಿ. ಗೋಡೆಗೆ ಅಂಟಿಸೋ ಹಾಳೆಯಲ್ಲಿ ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ.

ಎರಡನೇ ದಿನದ ಕೆಲಸ ಸಮಸ್ಯೆಯ ಮರ: ಮಧ್ಯದಲ್ಲಿ ಸಮಸ್ಯೆ, ಕೆಳಗೆ ಕಾರಣಗಳು, ಮೇಲೆ ಪರಿಣಾಮಗಳು. ‘ಅರಿವಿನ ಕೊರತೆ’ ಅಂತ ಬೇರಿನಲ್ಲಿ ಬರೆಯೋಕೆ ಬಿಡಬೇಡಿ. ಅದನ್ನ ಬರೆದ ಮೇಜಿನಿಂದ ಕೊನೆಗೆ ಬರೋದು ಒಂದು ಬೀದಿ ನಾಟಕ, ಒಂದು ಕರಪತ್ರ. ‘ಶುದ್ಧ ನೀರಿನ ಘಟಕದ ಬೀಗ ಸಂಜೆ ಆರಕ್ಕೆ ಹಾಕ್ತಾರೆ, ಕೂಲಿಗೆ ಹೋದವರು ಬರೋದು ಏಳಕ್ಕೆ’ ಅಂತ ಬಂದರೆ ಅದು ಕಾರಣ.

ಮೂರನೇ ದಿನ ಪೂರ್ತಿ ಖರ್ಚು ಮತ್ತು ಸಹಿ. ಮತ ಹಾಕಿಸಿ ‘ಉತ್ತಮ ವಿಚಾರ’ ಆರಿಸಬೇಡಿ. ಚೆನ್ನಾಗಿ ಮಾತಾಡಿದವರದ್ದು ಗೆಲ್ಲುತ್ತೆ. ಬದಲಿಗೆ ಕಾಗದ ಕೇಳಿ. ಜಾಗದ ದಾಖಲೆ ಇದೆಯಾ, ನಡೆಸೋ ಖರ್ಚು ಒಪ್ಪಿಕೊಂಡವರ ಸಹಿ ಇದೆಯಾ, ಮೊದಲಿನ ಅಳತೆ ಇದೆಯಾ, ಇದನ್ನ ನಿಲ್ಲಿಸಬಲ್ಲ ಇಲಾಖೆ ಯಾವುದು, ಅವರ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ಇದೆಯಾ. ಒಂದು ಇಲ್ಲದಿದ್ದರೂ ಆ ಯೋಜನೆ ಕಾಯುವ ಪಟ್ಟಿಗೆ. ನಾಲ್ಕು ಮೇಜಿನಲ್ಲಿ ಒಂದು ದಾಟಿದರೂ ಸಮ್ಮೇಳನ ಗೆದ್ದ ಹಾಗೆ.

ಸಹಿ ಹಾಕೋದು ಎಂಒಯು ಅನ್ನೋ ಒಡಂಬಡಿಕೆ ಪತ್ರಕ್ಕಲ್ಲ. ಅದರಲ್ಲಿ ‘ಸಹಕಾರ ವೃದ್ಧಿಸಲು’ ಅಂತ ಇರುತ್ತೆ, ದುಡ್ಡೂ ಇರಲ್ಲ, ತಾರೀಖೂ ಇರಲ್ಲ. ಒಂದು ಪುಟದ ಕೆಲಸದ ಕರಾರು ಬರೀರಿ: ಹೆಸರು, ಕೆಲಸ, ಮೊತ್ತ, ಕೊನೆ ದಿನ.

ಹಗರಿ ದಂಡೆ

ಆರ್‌ಒ ಪ್ರಶ್ನೆಗೆ ಲೆಕ್ಕ ಹಾಕಿ ತೋರಿಸ್ತೀನಿ, ಅದನ್ನೇ ಎರಡನೇ ದಿನ ಮೇಜಿನ ಮೇಲೆ ಇಡಿ.

ಗಂಟೆಗೆ 1000 ಲೀಟರ್ ಕೊಡೋ ಘಟಕ ದಿನಕ್ಕೆ 8 ಗಂಟೆ ಓಡಿದರೆ 8000 ಲೀಟರ್ ಒಳ್ಳೆ ನೀರು. ಅರ್ಧಕ್ಕರ್ಧ ಅಂದುಕೊಂಡರೂ ಇನ್ನೊಂದು 8000 ಲೀಟರ್ ತ್ಯಾಜ್ಯ ನೀರು ಹೊರಗೆ ಹೋಗುತ್ತೆ. ಬೋರ್ ನೀರಲ್ಲಿ ಫ್ಲೋರೈಡ್ 2.5 ಇದ್ದು, ಸೋಸಿದ್ದರಲ್ಲಿ 0.3 ಉಳಿದರೆ, ಹೊರಬಿಟ್ಟ ನೀರಲ್ಲಿ 4.7 ಇರುತ್ತೆ. ಎಲ್ಲೂ ಮಾಯ ಆಗಲ್ಲ. ಅದನ್ನ ಘಟಕದ ಹಿಂದಿನ ಚರಂಡಿಗೆ ಬಿಡ್ತಾರೆ, ದನ ಕುಡಿಯುತ್ತೆ, ಬೋರ್ ಪಕ್ಕದಲ್ಲೇ ಇಂಗುತ್ತೆ. ಅಂತರ್ಜಲ ಮೊದಲೇ ತಳ ಕಂಡಿರೋ ತಾಲ್ಲೂಕಲ್ಲಿ ಎರಡರಷ್ಟು ನೀರು ಎತ್ತಿ ಅರ್ಧ ಚೆಲ್ಲೋದನ್ನ ಸುಸ್ಥಿರ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ.

ಆದಾಯ ನೋಡಿ. 150 ಮನೆ ದಿನಕ್ಕೊಂದು 20 ಲೀಟರ್ ಕ್ಯಾನ್, 5 ರೂಪಾಯಿ ಅಂದರೆ ತಿಂಗಳಿಗೆ 22,500. ಕರೆಂಟು, ನೋಡಿಕೊಳ್ಳೋನ ಸಂಬಳ, ಕಾರ್ಟ್ರಿಜ್ ಅದರಲ್ಲೇ ಸರಿಹೋಗಬಹುದು. ಎರಡು ಮೂರು ವರ್ಷಕ್ಕೆ ಮೆಂಬ್ರೇನ್ (ನೀರು ಸೋಸೋ ಪೊರೆ) ಸೆಟ್ ಬದಲಿಸೋ ಹೊತ್ತಿಗೆ ಕೈಯಲ್ಲಿ ಏನೂ ಇರಲ್ಲ. ನಮ್ಮ ಗಡಸು ನೀರಿಗೆ ಮೆಂಬ್ರೇನ್ ಮೇಲೆ ಸುಣ್ಣದ ಪದರ ಬೇಗ ಕೂರುತ್ತೆ, ಒತ್ತಡ ಏರುತ್ತೆ, ಮೋಟಾರ್ ಸುಟ್ಟುಹೋಗುತ್ತೆ. ಘಟಕ ನಿಲ್ಲೋದು ಅಲ್ಲಿಗೆ.

ಆಕ್ಟಿವೇಟೆಡ್ ಅಲ್ಯುಮಿನಾ (ಫ್ಲೋರೈಡನ್ನ ಹೀರೋ ಹರಳು) ತುಂಬಿದ ಫಿಲ್ಟರ್ ನೀರು ಚೆಲ್ಲಲ್ಲ, ಸರಿ. ಆದರೆ ಅದು ಚೆನ್ನಾಗಿ ಹೀರೋದು ಪಿಎಚ್ (ಹುಳಿ–ಕ್ಷಾರದ ಅಳತೆ) 5.5–6ರ ಹತ್ರ, ನಮ್ಮ ಬೋರ್ ನೀರು 7.5–8. ಹಾಗಾಗಿ ಬೇಗ ತುಂಬಿಹೋಗುತ್ತೆ. ಪುನಶ್ಚೇತನಕ್ಕೆ ಕಾಸ್ಟಿಕ್ ಸೋಡಾ, ಆಮೇಲೆ ಆಮ್ಲ ಹಾಕಿ ತೊಳೀಬೇಕು, ಆ ತೊಳೆದ ನೀರು ಮತ್ತೆ ವಿಷ. ತಾಲ್ಲೂಕು ಮಟ್ಟದಲ್ಲಿ ಒಂದೇ ಕಡೆ ತೊಳೆಯೋ ವ್ಯವಸ್ಥೆ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ನನ್ನ ಮತ ಚಾವಣಿ ಮಳೆ ನೀರಿಗೆ. 50 ಚದರ ಮೀಟರ್ ಆರ್‌ಸಿಸಿ ಚಾವಣಿ, ಬರಗಾಲದ ವರ್ಷದಲ್ಲಿ 300 ಮಿ.ಮೀ. ಮಳೆ, ಶೇ 80 ಹಿಡಿದರೆ 12,000 ಲೀಟರ್. ಐದು ಜನರ ಮನೆಗೆ ಕುಡಿಯೋಕೆ, ಅಡಿಗೆಗೆ ತಲೆಗೆ 5 ಲೀಟರಿನಂತೆ ದಿನಕ್ಕೆ 25 ಲೀಟರ್, ವರ್ಷಕ್ಕೆ 9,125. ಮಳೆ ಇಲ್ಲದ ಎಂಟು ತಿಂಗಳಿಗೆ 6000 ಲೀಟರ್ ಸಂಗ್ರಹ ಬೇಕು. 7000 ಲೀಟರಿನ ತೊಟ್ಟಿ ಕಟ್ಟಿಸಿ. ನಮ್ಮ ಬರಗಾಲದಲ್ಲೂ ಲೆಕ್ಕ ಕೂಡಿಬರುತ್ತೆ.

ಕೆಡೋದು ಸಣ್ಣ ಸಣ್ಣದರಲ್ಲಿ. ಮೊದಲ ಮಳೆಯ ಕೊಳೆ ನೀರನ್ನ ಬೇರ್ಪಡಿಸೋಕೆ ಅಂತ ಒಂದು ಮೀಟರ್ ಉದ್ದದ ನಾಲ್ಕಿಂಚು ಪಿವಿಸಿ ಪೈಪು ನಿಲ್ಲಿಸ್ತಾರೆ. ಅದು ಹಿಡಿಯೋದು 8 ಲೀಟರ್. ಬೇಕಾಗಿರೋದು ಎಷ್ಟು? 50 ಚದರ ಮೀಟರಿಗೆ ಮೊದಲ 2 ಮಿ.ಮೀ. ಅಂದರೆ 100 ಲೀಟರ್. ಹಾಗಾಗಿ ಪೈಪು ಬೇಡ, 100 ಲೀಟರಿನ ಡ್ರಮ್ ಇಡಿ, ತಳದಲ್ಲಿ ತಾನಾಗಿ ಜಿನುಗಿ ಖಾಲಿಯಾಗೋ ಸಣ್ಣ ತೂತು ಇರಲಿ. ದೋಣಿ ಕೊಳವೆಗೆ 10 ಮೀಟರಿಗೆ 10 ಸೆಂ.ಮೀ. ಇಳಿಜಾರು ಕೊಡಿ. ಆ ಕಡೆಯ ಗಾಳಿಗೆ ಕ್ಲಾಂಪು ಕಿತ್ತು ಬರುತ್ತೆ, ಎರಡಡಿಗೊಂದು ಹಾಕಿಸಿ. ಹೆಚ್ಚುವರಿ ನೀರು ಹೋಗೋ ಪೈಪಿನ ಬಾಯಿಗೆ ಜಾಲರಿ ಇಲ್ಲದಿದ್ದರೆ ತೊಟ್ಟಿ ಪೂರ್ತಿ ಸೊಳ್ಳೆ.

ಇನ್ನೊಂದು ದೊಡ್ಡ ತಪ್ಪು: ಏಪ್ರಿಲ್‌ನಲ್ಲಿ ತೊಟ್ಟಿ ತಳ ಕಂಡಾಗ ಟ್ಯಾಂಕರಿನ ಬೋರ್ ನೀರು ತುಂಬಿಸಿಬಿಡ್ತಾರೆ. ಇದನ್ನ ಹಿಡಿಯೋದು ಸುಲಭ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು. ತಿಂಗಳಿಗೊಮ್ಮೆ ನಲ್ಲಿ ನೀರು ಪರೀಕ್ಷೆ ಮಾಡಿ, 1ರ ಹತ್ರ ಬಂದರೆ ಬೋರ್ ನೀರು ಸೇರಿದೆ ಅಂತಲೇ ಅರ್ಥ. ಯೋಜನೆಯ ಸೂಚಕ ಇದೊಂದೇ ಸಾಕು, ಹನ್ನೆರಡು ಸೂಚಕದ ಪಟ್ಟಿ ಬೇಡ.

ಶಾಲೆಯಿಂದ ಶುರು ಮಾಡಿ. 200 ಚದರ ಮೀಟರ್ ಚಾವಣಿ, ಅದೇ 300 ಮಿ.ಮೀ.ಗೆ 48,000 ಲೀಟರ್. 120 ಮಕ್ಕಳಿಗೆ ತಲಾ 1 ಲೀಟರ್, 220 ದಿನಕ್ಕೆ 26,400. ಕುಡಿಯೋಕೆ ಧಾರಾಳ. ಬಿಸಿಯೂಟದ ಅಡಿಗೆಯನ್ನೂ ಸೇರಿಸಿ ತಲಾ 2.5 ಲೀಟರ್ ಹಿಡಿದರೆ 66,000 ಆಗುತ್ತೆ, ಬರಗಾಲದಲ್ಲಿ ಸಾಲಲ್ಲ. ಮೊದಲ ವರ್ಷ ಕುಡಿಯೋದಕ್ಕಷ್ಟೇ ಮಾತು ಕೊಡಿ. 10 ಲಕ್ಷ ಬೀಜಧನದಲ್ಲಿ ಒಂದು ಶಾಲೆ, ಜೊತೆಗೆ ಕೊಟೇಶನ್ ನೋಡಿಕೊಂಡು ಎಷ್ಟು ಮನೆ ಹಿಡಿಸುತ್ತೋ ಅಷ್ಟು. 500 ಮನೆ ಅಂತ ಘೋಷಣೆ ಮಾಡಬೇಡಿ.

ಪಂಚಾಯ್ತಿ ಕಟ್ಟೆ

ಎಲ್ಲ ಸರಿ, ತಾರೀಖು ತಪ್ಪು. ಫೆಬ್ರುವರಿಯಲ್ಲಿ ಮಾಡಿದರೆ ಪಂಚಾಯ್ತಿಯ ಮುಂದಿನ ವರ್ಷದ ಯೋಜನೆ ಅಷ್ಟೊತ್ತಿಗೆ ಮುಗಿದಿರುತ್ತೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತೆ, ವಾರ್ಡ್ ಸಭೆ, ಗ್ರಾಮಸಭೆ ಎಲ್ಲ ಆಗ. ಅದರೊಳಗೆ ನಿಮ್ಮ ಕೆಲಸ ಒಂದು ಸಾಲಾಗಿ ಸೇರದಿದ್ದರೆ ನಿರ್ವಹಣೆಗೆ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪೈಸೆ ಇಡೋಕೂ ಪಿಡಿಒಗೆ ದಾರಿ ಇರಲ್ಲ. ಆದ್ದರಿಂದ ಸೆಪ್ಟೆಂಬರ್ ಮೊದಲ ಅಥವಾ ಎರಡನೇ ವಾರಕ್ಕೆ ಬದಲಿಸಿ, ಗಣೇಶ ಹಬ್ಬ ನೋಡಿಕೊಂಡು. ಚುನಾವಣೆ ಬರೋ ಸೂಚನೆ ಇದೆಯಾ ಅಂತಲೂ ನೋಡಿ. ನೀತಿ ಸಂಹಿತೆ ಬಿದ್ದರೆ ಅಧಿಕಾರಿಗಳು, ಸದಸ್ಯರು ಯಾರೂ ವೇದಿಕೆ ಹತ್ತಲ್ಲ, ಸಹಿಯನ್ನಂತೂ ಹಾಕೋದೇ ಇಲ್ಲ.

ಊರು ಆರಿಸೋ ಮೊದಲು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕಚೇರಿಗೆ ಹೋಗಿ, ಆ ಊರು ಯಾವುದಾದರೂ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಲ್ಲಿ ಇದೆಯಾ, ಕೆಲಸ ಎಷ್ಟಾಗಿದೆ ಅಂತ ಬರಹದಲ್ಲಿ ಕೇಳಿ. ಆರು ತಿಂಗಳಲ್ಲಿ ನದಿ ನೀರು ನಲ್ಲೀಲಿ ಬರೋ ಊರಿಗೆ ನೀವು ತೊಟ್ಟಿ ಕಟ್ಟಿಸಿದರೆ ಅದರಲ್ಲಿ ಈರುಳ್ಳಿ ತುಂಬಿಡ್ತಾರೆ. ಪಟ್ಟಿಯ ಕೊನೆಯಲ್ಲಿರೋ, ಪೈಪ್‌ಲೈನಿನ ತುದಿಯ ಹಟ್ಟಿಗಳನ್ನ ಆರಿಸಿ. ಅಲ್ಲಿಗೆ ನೀರು ಬಂದರೂ ದಿನ ಬಿಟ್ಟು ದಿನ.

ಶಾಲೆಗಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಿರ್ಣಯ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ ಎರಡೂ ಬೇಕು. ಕಟ್ಟಡ ಹಳೇದಾಗಿದ್ದು ಕೆಡವೋ ಪಟ್ಟಿಯಲ್ಲಿ ಇಲ್ಲ ಅನ್ನೋದನ್ನ ಖಾತ್ರಿ ಮಾಡಿಕೊಳ್ಳಿ. ಆಸ್ತಿಯನ್ನ ಪಂಚಾಯ್ತಿಗೆ ಹಸ್ತಾಂತರಿಸೋ ಪತ್ರದಲ್ಲಿ ನಲ್ಲಿ, ಜಾಲರಿ, ಡ್ರಮ್, ಕ್ಲಾಂಪು ಎಲ್ಲದರ ಪಟ್ಟಿ ಇರಲಿ. ಊರಿಗೆ ಐವರು ಮಹಿಳೆಯರಿಗೆ ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ತರಬೇತಿ ಕೊಟ್ಟಿರ್ತಾರೆ. ತಿಂಗಳ ಪರೀಕ್ಷೆಯನ್ನ ಅವರಿಗೇ ವಹಿಸಿ, ಪ್ರತಿ ಪರೀಕ್ಷೆಗೆ ಇಷ್ಟು ಅಂತ ಗೌರವಧನವನ್ನ ಬೀಜಧನದಲ್ಲೇ ಮೂರು ವರ್ಷಕ್ಕೆ ತೆಗೆದಿಡಿ. ಪುಕ್ಕಟೆ ಮಾಡಿಸಿದರೆ ಮೂರನೇ ತಿಂಗಳಿಗೆ ರಿಜಿಸ್ಟರ್ ಖಾಲಿ.

ಪಿ.ಜೆ. ಬಡಾವಣೆ

ಸೆಪ್ಟೆಂಬರ್ ಎರಡನೇ ವಾರ, ಚಿತ್ರದುರ್ಗ, 65 ಜನ, ಅದರಲ್ಲಿ 5 ವಿದೇಶಿಯರು ಅಂತ ಕಮಿಟಿ ಮುಂದೆ ಇಡ್ತೀನಿ. ಕೊನೇ ಪ್ರಶ್ನೆ: ವಿದೇಶಿ ವಿಶ್ವವಿದ್ಯಾಲಯದವರು ಬಂದಾಗಲೇ ಮಕ್ಕಳ ಮೂತ್ರದ ಮಾದರಿ ತೆಗೆದು ಫ್ಲೋರೈಡ್ ನೋಡೋಣ, ಮಾದರಿ ತಮ್ಮ ಲ್ಯಾಬಿಗೆ ಒಯ್ತೀವಿ ಅಂತಿದ್ದಾರೆ. ಆಗುತ್ತಾ? ಅವರನ್ನ ಕಾಲೇಜು ಗೆಸ್ಟ್ ಹೌಸಿನಲ್ಲಿ ಇಳಿಸಿದರೆ ಏನಾದರೂ ತೊಂದರೆ ಇದೆಯಾ?

ಲೆಕ್ಕದ ಪುಸ್ತಕ

ಮೂತ್ರದ ಮಾದರಿ ಅಂದರೆ ಅದು ಆರೋಗ್ಯ ಸಂಶೋಧನೆ. ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ, ಪೋಷಕರ ಲಿಖಿತ ಒಪ್ಪಿಗೆ, ಜೊತೆಗೆ ವಿದೇಶಿ ಸಹಯೋಗ ಇರೋದರಿಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿ ಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಸಮ್ಮೇಳನ ವೀಸಾದಲ್ಲಿ ಬಂದವರ ಕೈಯಲ್ಲಿ ಸಮೀಕ್ಷೆ, ಮಾದರಿ ಸಂಗ್ರಹ ಏನೂ ಮಾಡಿಸಬೇಡಿ, ಅವರು ನೋಡಲಿ, ಮಾತಾಡಲಿ, ಅಷ್ಟೇ. ನೀರಿನ ಪರೀಕ್ಷೆ ನಿಮ್ಮ ಲ್ಯಾಬಿನಲ್ಲೇ ಆಗಲಿ.

ಗೆಸ್ಟ್ ಹೌಸಿಗೆ ಅಡ್ಡಿ ಇಲ್ಲ. ಆದರೆ ವಿದೇಶಿಯರನ್ನ ಉಳಿಸಿಕೊಂಡ ಯಾರೇ ಆಗಲಿ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು. ಹೋಟೆಲಿನವರಿಗೆ ರೂಢಿ ಇರುತ್ತೆ, ಗೆಸ್ಟ್ ಹೌಸಿನವರಿಗೆ ಲಾಗಿನ್ನೇ ಇರಲ್ಲ. ಅದನ್ನ ಈಗಲೇ ಮಾಡಿಸಿ ಇಡಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ತೆಗೆಯೋಕೆ ರಾತ್ರಿ ಪಾಳಿಯವನಿಗೂ ಹೇಳಿಕೊಡಿ; ಬೆಂಗಳೂರಿನಿಂದ ಬರೋ ಗಾಡಿ ಸೇರೋದು ಹೆಚ್ಚಾಗಿ ರಾತ್ರಿ ಹನ್ನೊಂದರ ಮೇಲೇ.